ಬಾಟಲಿಯೊಳಗಿನ ಹೆಪ್ಪು

ನಿವೃತ್ತಿಯಾದ ದಿನ ದವಾಖಾನೆಯಲ್ಲಿ ನನಗೆ ಶಾಲು ಹೊದಿಸಿ ಕೈಗೆ ಮೈಕು ಕೊಟ್ಟಿದ್ದರು. ನಾನು "ಎಲ್ಲರಿಗೂ ನಮಸ್ಕಾರ" ಎಂದು ಹೇಳಿ ಕುಳಿತುಬಿಟ್ಟೆ. ನಾಲ್ಕು ಮಂದಿ ಒಟ್ಟಿಗೆ ನನ್ನ ಕಡೆ ನೋಡಿದರೆ ನನಗೆ ಮಾತೇ ಹೊರಡುವುದಿಲ್ಲ. ಇದು ಚಿಕ್ಕಂದಿನಿಂದ ಬಂದದ್ದು, ಹೋಗಲೇ ಇಲ್ಲ. ಹೀಗಾಗಿ ಅವತ್ತು ಹೇಳಬೇಕಾಗಿದ್ದ ಮಾತು ನನ್ನಲ್ಲೇ ಉಳಿಯಿತು.

ಮೊನ್ನೆ ನರ್ಸ್ ಆಗಿರುವ ನಮ್ಮ ಮೊಮ್ಮಗಳು ಸುಧಾ ಹುಬ್ಬಳ್ಳಿಯಿಂದ ಫೋನು ಮಾಡಿದ್ದಳು. "ಅಜ್ಜಿ, ನನ್ನ ಐಸಿಯು ಡ್ಯೂಟಿಗೆ ಹಾಕ್ಯಾರ. ನಿಮ್ಮ ಕಾಲದಾಗ ಐಸಿಯು ಇತ್ತೇನು?" ಎಂದು ಕೇಳಿದಳು.

"ಇತ್ತವಾ, ಒಂದ ಥರದ್ದು," ಎಂದೆ.

"ಒಂದ ಥರದ್ದು ಅಂದ್ರ ಎಂಥಾದ್ದು?"

ಫೋನಿನಲ್ಲಿ ಹೇಳುವುದಕ್ಕೆ ನನಗೆ ಬರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಸುಧಾ ಓದಲಿ, ಅವಳ ತಮ್ಮಂದಿರೂ ಓದಲಿ. ಅವರು ಈ ಕೆಲಸಕ್ಕೆ ಬಾರದಿದ್ದರೂ ಒಂದಿಲ್ಲೊಂದು ದಿನ ಯಾರದೋ ಕಾಟಿನ ಬದಿಗೆ ಕೂಡಬೇಕಾಗುತ್ತದೆ.

ನಾನು ಮೊರಬದ ಬಾಜು ಹಳ್ಳಿಯವಳು, ಊರ ಕನ್ನಡ ಸಾಲೆಯಲ್ಲಿ ಕಲಿತವಳು. ನಿಮ್ಮ ಅಜ್ಜ ತೀರಿಕೊಂಡಾಗ ನಿಮ್ಮಪ್ಪ ಇನ್ನೂ ಅಂಬೆಗಾಲಿಡುತ್ತಿದ್ದ. ನನ್ನ ಅಣ್ಣ ಒಂದು ಮುಂಜಾನೆ ಬಂದು, "ಅತಗೋತ ಕುಂತ್ರ ಮಗಾ ದೊಡ್ಡಾವ ಆಗ್ತಾನೇನು? ಏಳು, ಹುಬ್ಬಳ್ಳಿಗೆ ಹೋಗೂಣು. ನರ್ಸ್ ಕಲಸ್ತಾರಂತ," ಎಂದ. ಹೋದೆ. ಅಲ್ಲಿ ಪಾಠವೆಲ್ಲ ಇಂಗ್ಲಿಷಿನಲ್ಲಿ. ಔಷಧದ ಹೆಸರುಗಳನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಂಡು, ಸ್ನಾನ ಮಾಡುವಾಗ, ಸೀರೆ ಒಗೆಯುವಾಗ ಬಾಯಿಪಾಠ ಮಾಡಿದೆ. ಪಾಸಾದೆ. ಆಮೇಲೆ ಜಿಲ್ಲೆಯ ಒಂದು ತಾಲೂಕು ದವಾಖಾನೆಗೆ ಹಾಕಿದರು. ಯಾವ ಊರು ಎಂದು ಬರೆಯುವುದಿಲ್ಲ. ಅಲ್ಲಿ ಕೆಲಸ ಮಾಡಿದವರ ಮಕ್ಕಳು ಮೊಮ್ಮಕ್ಕಳು ಇದ್ದಾರೆ, ಅವರ ಮನಸ್ಸು ನೋಯಬಾರದು.

ನಮ್ಮ ವಾರ್ಡಿನ ಹಿರಿಯ ನರ್ಸಿನ ಹೆಸರು ಗ್ರೇಸ್‌ಬಾಯಿ. ನಮ್ಮ ಕಡೆ ನರ್ಸಿಗೆ ಬಾಯಿ ಎನ್ನುತ್ತಾರೆ, ನನ್ನನ್ನು ಸಣ್ಣಬಾಯಿ ಎನ್ನುತ್ತಿದ್ದರು. ಅವರು ಹಿರಿಯರಾದ್ದರಿಂದ ದೊಡ್ಡಬಾಯಿ. ಅವರ ಧ್ವನಿ ಹೊರಗಿನ ಬೇವಿನ ಮರದ ತನಕ ಕೇಳಿಸುತ್ತಿತ್ತು. ಬಂದ ಪೇಶಂಟುಗಳು ಆ ಹೆಸರು ಕೇಳಿ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದರು. ದೊಡ್ಡಬಾಯಿಯವರು ನೋಡಿದರೂ ನೋಡದ ಹಾಗೆ ಇರುತ್ತಿದ್ದರು.

ಆಗ ಗಾಜಿನ ಸಿರಿಂಜು, ಸ್ಟೀಲಿನ ಸೂಜಿ. ಕುದಿಸಿ ಕುದಿಸಿ ಬಳಸುವುದು. ನಾನು ಸೇರಿದ ಹೊಸದರಲ್ಲಿ ನೀರು ಕುದಿಯುತ್ತಿರುವಾಗಲೇ ಸಿರಿಂಜು ಹಾಕಿಬಿಟ್ಟೆ. ಟಪ್ ಎಂದು ಒಡೆಯಿತು. ದೊಡ್ಡಬಾಯಿಯವರು, "ಏನ್ಬೇ, ನಿಮ್ಮನಿಯಾಗ ಕುದಿ ಬಂದ ಮ್ಯಾಲ ತತ್ತಿ ಹಾಕ್ತಾರೇನು? ತಣ್ಣೀರಾಗ ಇಟ್ಟು ಕೂಡೇ ಕಾಸಬೇಕು!" ಎಂದರು. ಬೇವಿನ ಮರದ ಕೆಳಗಿದ್ದವರೆಲ್ಲ ನಕ್ಕರು. ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಆದರೆ ಮತ್ತೆಂದೂ ನನ್ನ ಕೈಯಲ್ಲಿ ಸಿರಿಂಜು ಒಡೆಯಲಿಲ್ಲ. ಬೈದು ಕಲಿಸುವವರು ಅವರು. ಕಲಿಸದೆ ಬರೀ ಬೈಯುವವರನ್ನೂ ಮುಂದೆ ಕಂಡೆ. ಅವರ ಹೆಸರೇ ಈಗ ನೆನಪಿಲ್ಲ.

ಎಂಬತ್ತರ ದಶಕದ ನಡುವೆ ನಮ್ಮಲ್ಲಿಗೆ ಮೈಸೂರು ಕಡೆಯಿಂದ ಡಾಕ್ಟರ್ ಶ್ರೀಧರ ಬಂದರು. ಚಿಕ್ಕ ವಯಸ್ಸು. ಬಂದವರೇ ಕಾಗದಪತ್ರ ತುಂಬಿಟ್ಟಿದ್ದ ಒಂದು ಕೋಣೆ ಖಾಲಿ ಮಾಡಿಸಿ, ಸುಣ್ಣ ಹೊಡೆಸಿ, ನಾಲ್ಕು ಕಾಟು ಹಾಕಿಸಿದರು. ಜೀವಕ್ಕೆ ಅಪಾಯವಿದ್ದವರನ್ನು ಹುಬ್ಬಳ್ಳಿಗೆ ಸಾಗಿಸುವಷ್ಟರಲ್ಲಿ ದಾರಿಯಲ್ಲೇ ಕಳೆದುಕೊಳ್ಳುವ ಬದಲು ಇಲ್ಲೇ ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಳ್ಳೋಣ ಎಂದು ಅವರ ಹಟ. ಒಂದು ಆಕ್ಸಿಜನ್ ಸಿಲಿಂಡರು, ಕಾಲಿನಿಂದ ತುಳಿದು ಗಂಟಲಿನ ಕಫ ಎಳೆಯುವ ಒಂದು ಯಂತ್ರ, ಸಲಾಯನ್ ಸ್ಟ್ಯಾಂಡು. ಅದನ್ನು ನಾವು ಸೀರಿಯಸ್ ಖೋಲಿ ಎನ್ನುತ್ತಿದ್ದೆವು. ಸುಧಾ, ನಮ್ಮ ಐಸಿಯು ಅಂದರೆ ಅದೇ.

ಆ ಖೋಲಿಯ ಕಿಟಕಿಯ ಕಟ್ಟೆಯ ಮೇಲೆ ಒಂದು ಕಂದು ಬಣ್ಣದ ದೊಡ್ಡ ಬಾಟಲಿ ಇತ್ತು. ಅದರಲ್ಲಿ ಹಳದಿ ಲೋಷನ್ನು ನೀರು ಬೆರೆಸಿ ಇಡುತ್ತಿದ್ದೆವು. ಗಾಯ ತೊಳೆಯುವುದು ಅದರಿಂದ. ಮೂತ್ರದ ನಳಿಗೆ ಹಾಕುವ ಮುಂಚೆ ಒರೆಸುವುದು ಅದರಿಂದ. ಕಫ ಎಳೆಯುವ ರಬ್ಬರ್ ನಳಿಗೆ ನೆನೆಹಾಕುವುದು ಅದರಲ್ಲಿ. ಬಾಗಿಲ ಬಳಿ ಒಂದು ಬೇಸಿನ್ನಿನಲ್ಲೂ ಅದೇ ನೀರು. ನಾವೆಲ್ಲ ಕೈ ಅದ್ದಿ ಒಂದೇ ಟವೆಲ್ಲಿಗೆ ಒರೆಸಿಕೊಳ್ಳುತ್ತಿದ್ದೆವು. ಆ ಬಾಟಲಿಯ ಮೇಲೆ ದೊಡ್ಡಬಾಯಿಯವರಿಗೆ ಬಹಳ ಅಭಿಮಾನ. "ನನ್ನ ವಾರ್ಡಿನಾಗ ಲೋಷನ್ ಬಾಟ್ಲಿ ಒಂದ ದಿನಾನೂ ಬರಿದಾಗಿಲ್ಲ," ಎನ್ನುತ್ತಿದ್ದರು. ಇಷ್ಟು ಉಳಿದಿದೆ ಎನ್ನುವಾಗಲೇ ಆಯಾ ಹುಲಿಗೆವ್ವ ಅದರ ಮೇಲೆ ಹೊಸದನ್ನು ಸುರಿದು ತುಂಬುತ್ತಿದ್ದಳು.

ಹುಲಿಗೆವ್ವ ಒಂದು ವಸ್ತು ಮುಗಿಯಿತು ಎಂದು ಯಾವತ್ತೂ ಹೇಳಿದವಳಲ್ಲ. ಮನೆಯಲ್ಲಿ ಜೋಳದ ಹಿಟ್ಟು, ಎಣ್ಣೆ, ಅರಿಶಿನ ಯಾವುದು ತೀರಿದರೂ ನಮ್ಮ ಹೆಂಗಸರು ತೀರಿತು ಎನ್ನುವುದಿಲ್ಲ, ಹೆಚ್ಚಾಯಿತು ಎನ್ನುತ್ತಾರೆ. ಅವಳು ಒಂದು ದಿನ ಡಾಕ್ಟರಿಗೆ, "ಸಾಹೇಬ್ರ, ಸ್ಪಿರಿಟ್ ಹೆಚ್ಚಾತ್ರಿ," ಎಂದಳು. ಅವರು ಪಾಪ, "ಹೆಚ್ಚಾಗಿದ್ದರೆ ಸ್ಟೋರಿಗೆ ವಾಪಸ್ ಕೊಟ್ಟುಬಿಡಮ್ಮ," ಎಂದರು. ಹುಲಿಗೆವ್ವ ಬರಿದಾದ ಬಾಟಲಿ ಹಿಡಿದುಕೊಂಡು, ಇವರಿಗೆ ತಲೆ ನೆಟ್ಟಗಿದೆಯೋ ಇಲ್ಲವೋ ಎಂಬಂತೆ ನೋಡುತ್ತ ನಿಂತಳು. ಅವತ್ತು ಎಲ್ಲರೂ ನಕ್ಕೆವು. ಮುಂದೆ ಇದೇ ಮಾತು ನಮ್ಮ ಕಾಲಿಗೆ ತೊಡರುತ್ತದೆ ಎಂದು ಯಾರಿಗೂ ಗೊತ್ತಿರಲಿಲ್ಲ.

ಖೋಲಿ ಶುರುವಾಗಿ ಕೆಲವು ತಿಂಗಳು ಕಳೆದಿರಬೇಕು. ಸಕ್ಕರೆ ಕಾಯಿಲೆಯ ಒಬ್ಬ ಹಿರಿಯರು ಎದೆಯ ಕಫದಿಂದ ಬಂದಿದ್ದರು. ಕಫ ಕಡಿಮೆಯಾಯಿತು, ಎದ್ದು ಕುಳಿತು ಗಂಜಿ ಕುಡಿದರು. ಮಾರನೆಯ ವಾರ ಮೂತ್ರದ ನಳಿಗೆಯಿಂದ ಸೋಂಕಾಗಿ, ನಡುಕದ ಜ್ವರ ಬಂದು ಹೋಗಿಬಿಟ್ಟರು. ಆಮೇಲೆ ಎತ್ತು ಹಾಯ್ದು ಹೊಟ್ಟೆ ಹೊಲಿಸಿಕೊಂಡ ಒಬ್ಬ ರೈತ. ಅವನ ಹೊಲಿಗೆಯ ಬಾಯಲ್ಲಿ ಹಸಿರು ಕೀವು ಬಂತು. ಅದಕ್ಕೊಂದು ಸಿಹಿ ಕಮಟು ವಾಸನೆ. ಕೊಳೆತ ಹಣ್ಣಿನಂಥದು. ಒಮ್ಮೆ ಮೂಗಿಗೆ ಬಂದರೆ ಮರೆಯುವುದಿಲ್ಲ. ಈಗಲೂ ಹಣ್ಣಿನ ಬುಟ್ಟಿಯಲ್ಲಿ ಒಂದು ದ್ರಾಕ್ಷಿ ಕೊಳೆತರೆ ಬುಟ್ಟಿಯನ್ನೇ ಹೊರಗಿಟ್ಟುಬಿಡುತ್ತೇನೆ. ಅವನನ್ನು ಹುಬ್ಬಳ್ಳಿಗೆ ಕಳಿಸಿದೆವು.

"ಹೊರಗಿನ ಧೂಳು, ಮಂದಿ ಕಾಲಧೂಳು," ಎಂದರು ದೊಡ್ಡಬಾಯಿ. ನಮಗೂ ಹಾಗೇ ಅನ್ನಿಸಿತು. ನಮ್ಮ ಕಡೆ ಒಬ್ಬರು ದವಾಖಾನೆ ಸೇರಿದರೆ ಅರ್ಧ ಊರು ಮಾತಾಡಿಸಲು ಬರುತ್ತದೆ. ಬಂದವರು ಹಣೆ ಮುಟ್ಟುತ್ತಾರೆ, ಕೈ ಹಿಡಿಯುತ್ತಾರೆ, ವಿಭೂತಿ ಹಚ್ಚುತ್ತಾರೆ, ಯಮನೂರಿನಿಂದ ತಂದ ಪವಿತ್ರ ನೀರು ಚಿಮುಕಿಸುತ್ತಾರೆ. ಡಾಕ್ಟರು ಸೀರಿಯಸ್ ಖೋಲಿಗೆ ಹೊರಗಿನವರು ಬರಕೂಡದು ಎಂದು ಹಲಗೆ ಬರೆಸಿ ತೂಗುಹಾಕಿದರು.

ಆ ಹಲಗೆ ತೂಗುಹಾಕಿದ ಮೇಲೆ ಬಂದವಳು ಗಿರಿಜವ್ವ.

ಹತ್ತಿ ಬಿಡಿಸುವ ಕಾಲ. ಮಧ್ಯಾಹ್ನ ಟ್ರ್ಯಾಕ್ಟರಿನಲ್ಲಿ ಕವದಿಯ ಮೇಲೆ ಮಲಗಿಸಿ ತಂದರು. ಇಪ್ಪತ್ತು ದಾಟಿದ ಹುಡುಗಿ, ಸೆರಗಿನಲ್ಲಿ ಇನ್ನೂ ಹತ್ತಿ ಅಂಟಿತ್ತು. ಅವಳ ಅತ್ತೆ ನೀಲವ್ವ ಒಂದು ಕಂಕುಳಲ್ಲಿ ಹಾಲು ಕುಡಿಯುವ ಕೂಸು ಎತ್ತಿಕೊಂಡು, ಇನ್ನೊಂದು ಕೈಯಿಂದ ಸೊಸೆಯ ತಲೆ ಹಿಡಿದುಕೊಂಡು ಇಳಿದಳು.

"ಏನಾಗೇತಿ?" ಎಂದು ಕೇಳಿದೆ.

"ಹುಳ ಮುಟ್ಟೇತ್ರಿ ಬಾಯಾರ," ಎಂದಳು.

ಹಾವಿನ ಹೆಸರು ಹೇಳಬಾರದೆಂದು ನಮ್ಮ ಕಡೆ ಅದನ್ನು ಹುಳ ಎನ್ನುತ್ತಾರೆ. ಪಾದದ ಮೇಲೆ ಕಚ್ಚಿತ್ತು. ಗಿರಿಜವ್ವನ ರೆಪ್ಪೆ ಜೋತುಬಿದ್ದು, ಮಾತು ತೊದಲಿ, ಉಸಿರು ಸಣ್ಣದಾಗುತ್ತಿತ್ತು. ವಿಷ ಇಳಿಸುವ ಇಂಜೆಕ್ಷನ್ನು ಕೊಡಲು ರಕ್ತನಾಳ ಸಿಗಲಿಲ್ಲ. ಡಾಕ್ಟರು ಇನ್ನೊಂದು ಕಾಲಿನ ಹರಡಿನ ಬಳಿ ಚರ್ಮ ಕೊಯ್ದು ನಾಳಕ್ಕೇ ನಳಿಗೆ ಹಾಕಿದರು. ಉಸಿರಿಗೆ ರಬ್ಬರಿನ ಚೀಲ ಒತ್ತಬೇಕಾಯಿತು. ನಾನು ಒತ್ತಿದೆ, ದೊಡ್ಡಬಾಯಿ ಒತ್ತಿದರು, ಡಾಕ್ಟರು ಒತ್ತಿದರು. ಕೈ ಸೋತಾಗ ಹುಲಿಗೆವ್ವ ನಮ್ಮ ಭುಜ ತಿಕ್ಕುತ್ತಿದ್ದಳು. ಮರುದಿನ ಹೊತ್ತು ಏರುವ ವೇಳೆಗೆ ಗಿರಿಜವ್ವ ತಾನೇ ಉಸಿರೆಳೆದಳು. ಕಣ್ಣು ಬಿಟ್ಟು ಮೊದಲು ಕೇಳಿದ್ದು, "ಕೂಸು ಹಾಲ ಕುಡೀತ?" ಎಂದು.

ದೊಡ್ಡಬಾಯಿಯವರು ಹೊರಗೆ ಹೋಗಿ ಕೂಗಿದರು: "ನೀಲವ್ವಾ, ನಿನ್ನ ಸೊಸಿ ಬದುಕ್ಯಾಳ!"

ನೀಲವ್ವ ಬೇವಿನ ಕೊಂಬೆಗೆ ಸೀರೆ ಕಟ್ಟಿ ಕೂಸನ್ನು ತೂಗುತ್ತಿದ್ದಳು. ಅಲ್ಲಿಂದಲೇ ಕೈ ಮುಗಿದಳು. "ನಿಮ್ಮ ಬಾಯಿ ದೊಡ್ಡದಾಗೇ ಇರಲಿ ಯವ್ವಾ," ಎಂದಳು. ದೊಡ್ಡಬಾಯಿಗೆ ನಗು ತಡೆಯಲಾಗಲಿಲ್ಲ.

ಹಾವಿನ ವಿಷ ಇಳಿಯಿತು. ಆದರೆ ಕಚ್ಚಿದ ಜಾಗದ ಮಾಂಸ ಕಪ್ಪಾಗಿತ್ತು. ಡಾಕ್ಟರು ಸತ್ತ ಮಾಂಸ ಕೆತ್ತಿ ತೆಗೆದರು. ದಿನಕ್ಕೆರಡು ಸಲ ಲೋಷನ್ನಿನಿಂದ ತೊಳೆದು ಪಟ್ಟಿ ಕಟ್ಟುವ ಕೆಲಸ ನನ್ನದು. ಮೊದಮೊದಲು ಗಾಯ ಕೆಂಪಗೆ ಚೆನ್ನಾಗಿತ್ತು. ಆಮೇಲೆ ಒಂದು ಮುಂಜಾನೆ ಪಟ್ಟಿ ಬಿಚ್ಚುವಾಗ ಅದೇ ವಾಸನೆ. ಬಟ್ಟೆಗೆ ಹಸಿರು ಬಣ್ಣ ಹತ್ತಿತ್ತು. ಸಂಜೆಗೆ ಜ್ವರ ಏರಿತು.

ಈ ಸಲ ಮಂದಿಯ ಕಾಲಧೂಳು ಎನ್ನುವಂತಿರಲಿಲ್ಲ. ಸ್ವಂತ ಅತ್ತೆಯನ್ನೇ ಒಳಗೆ ಬಿಟ್ಟಿರಲಿಲ್ಲ. ನೀಲವ್ವ ಬಾಗಿಲಿಗೆ ಬಂದು ನಿಂತಳು. ಅವಳು ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು.

"ಹೊಲದಾನ ಹುಳದಿಂದ ಉಳಿಸಿದ್ರಿ. ನಿಮ್ಮ ಖೋಲ್ಯಾಗಿನ ಹುಳಕ್ಕ ಕೊಡ್ತೀರೇನ್ರಿ ಸಾಹೇಬ್ರ?" ಎಂದಳು.

ಆ ಮಾತು ಡಾಕ್ಟರಿಗೆ ನಾಟಿತು. ಮರುದಿನ ತಾವೇ ಸಣ್ಣ ಸಣ್ಣ ಶೀಸೆ ಹಿಡಿದು ಖೋಲಿಯೊಳಗೆ ಬಂದರು. ಗಾಯದ ಕೀವು, ನಲ್ಲಿಯ ನೀರು, ಕಾಟಿನ ಧೂಳು, ನಮ್ಮೆಲ್ಲರ ಕೈ ಒರೆಸಿದ ಹತ್ತಿ, ಎಲ್ಲವನ್ನೂ ತುಂಬಿಕೊಂಡರು. ಕೊನೆಗೆ ಕಿಟಕಿಯ ಬಾಟಲಿಗೆ ಕೈ ಹಾಕಿದರು.

"ಔಷಧಾನೂ ತಪಾಸಕ್ಕ ಒಯ್ತೀರೇನ್ರಿ?" ಎಂದರು ದೊಡ್ಡಬಾಯಿ. "ನಾಳೆ ಬೆಂಕಿ ಸುಡತೈತ್ಯೋ ಇಲ್ಲೋ ಅಂತ ಕೈ ಇಟ್ಟ ನೋಡ್ರಿ!"

"ಎಲ್ಲಾ ನೋಡೋಣ ಸಿಸ್ಟರ್. ಬೇಕಾದ್ದು, ಬೇಡದ್ದು ಎಲ್ಲಾ," ಎಂದರು ಅವರು. ಬಸ್ಸು ಹಿಡಿದು ಹುಬ್ಬಳ್ಳಿಗೆ ಹೋದರು. ಅಲ್ಲಿ ಅವರ ಗೆಳೆಯರೊಬ್ಬರು ಪ್ರಯೋಗಾಲಯದಲ್ಲಿದ್ದರು.

ಕೆಲವು ದಿನಗಳ ಮೇಲೆ ಮತ್ತೆ ಹೋಗಿ ಬಂದವರು, ಚಪ್ಪಲಿ ಬಿಡುವ ಮುಂಚೆಯೇ ನಮ್ಮನ್ನು ಕರೆದು ನಿಲ್ಲಿಸಿದರು. "ಗಾಯದಲ್ಲಿರೋ ಕ್ರಿಮಿನೇ ಬಾಟಲಿಯಲ್ಲೂ ಇದೆ. ಕೈ ಅದ್ದುವ ಬೇಸಿನ್ನಿನಲ್ಲೂ ಇದೆ. ನಾವು ಗಾಯ ತೊಳೀತಿಲ್ಲ, ಬಿತ್ತನೆ ಮಾಡ್ತಿದ್ದೀವಿ," ಎಂದರು.

ಬಾಗಿಲಲ್ಲಿ ನಿಂತಿದ್ದ ನೀಲವ್ವ ಗಾಬರಿಯಾದಳು. "ಬಾಟ್ಲ್ಯಾಗ ಹುಳ ಐತೇನ್ರಿ? ಹೊಡ್ರಿ ಮತ್ತ, ನೋಡ್ಕೋತ ನಿಂತೀರಲ್ಲ!"

"ಆ ಹುಳ ಅಲ್ಲಬೇ, ಕಣ್ಣಿಗೆ ಕಾಣದ್ದು," ಎಂದೆ.

"ಕಣ್ಣಿಗೆ ಕಾಣದ್ದು ಅವರಿಗೆ ಹೆಂಗ ಕಂಡಿತು?" ಎಂದಳು.

ಡಾಕ್ಟರು ಅವತ್ತೇ ಹೊಸ ಪದ್ಧತಿ ಹೇಳಿದರು. ಆ ಲೋಷನ್ನಿಗೆ ನೀರು ಬೆರೆಸಿದ ಮೇಲೆ ಅದರ ಬಲ ಕಡಿಮೆ. ಅದರಲ್ಲೂ ಬದುಕಿಕೊಳ್ಳುವ ಕ್ರಿಮಿ ಇದೆ. ಹಾಗಾಗಿ ದಿನಾ ಬಾಟಲಿ ಪೂರ್ತಿ ಚೆಲ್ಲಬೇಕು, ತೊಳೆದು ಕುದಿಸಬೇಕು, ಬೋರಲು ಹಾಕಿ ಒಣಗಿಸಬೇಕು, ಆಮೇಲೆ ಹೊಸದು ಬೆರೆಸಬೇಕು. ಬೇಸಿನ್ನು ಬೇಡ. ಒಬ್ಬರು ತಂಬಿಗೆಯಿಂದ ನೀರು ಹಾಕಬೇಕು, ಒಬ್ಬರು ಸಾಬೂನಿನಿಂದ ಕೈ ತೊಳೆಯಬೇಕು. ಇದನ್ನು ನಾವು ಬೇಗ ಒಪ್ಪಿದೆವು. ಮನೆಯಲ್ಲಿ ಉಂಡ ಮೇಲೆ ಎಲ್ಲರೂ ಒಂದೇ ಬೋಗುಣಿಯಲ್ಲಿ ಕೈ ಅದ್ದುತ್ತೇವೆಯೇ? ಮುಸುರೆ ಕೈಗೆ ನೀರು ಹಾಕಿಸಿಕೊಂಡೇ ತೊಳೆಯುತ್ತೇವೆ. ಇಲ್ಲಿ ಮಾತ್ರ ಬೇಸಿನ್ನು ಬಿಳಿಯದು, ನೀರು ಹಳದಿಯದು ಎಂದು ಮರುಳಾಗಿದ್ದೆವು.

ಅಷ್ಟೆಲ್ಲ ಮಾಡಿದರೂ ಗಿರಿಜವ್ವನ ಕೀವು ನಿಲ್ಲಲಿಲ್ಲ. ಇಂಜೆಕ್ಷನ್ನು ಬದಲಾಯಿಸಿದರು. ಎರಡು ದಿನ ಕಡಿಮೆ, ಮತ್ತೆ ಹೆಚ್ಚು. ಎರಡು ಬೆರಳು ಕಪ್ಪಾದವು. ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, "ಸೋಮವಾರದ ತನಕ ನೋಡ್ತೀನಿ. ಇಲ್ಲಾಂದ್ರೆ ಹುಬ್ಬಳ್ಳಿಗೆ ಕಳಿಸಬೇಕು. ಅಲ್ಲಿ ಪಾದ ತೆಗೀತಾರೆ," ಎಂದರು.

ಹತ್ತಿ ಬಿಡಿಸಿ ಬದುಕುವ ಹುಡುಗಿಗೆ ಪಾದ ಇಲ್ಲದಿದ್ದರೆ ಏನು ಎಂದು ನಾನು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಅವಳು ನನ್ನ ಮುಖ ನೋಡಿ, "ಸಣ್ಣಬಾಯಾರ, ಏನಂದ್ರ ಅವರು?" ಎಂದಳು. "ಏನಿಲ್ಲವಾ, ಸೋಮವಾರ ನೋಡತಾರಂತ," ಎಂದೆ. ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಅವತ್ತು ನಾನು ಗಟ್ಟಿ ಮಾಡಿಕೊಂಡೆ: ಈ ಪಾದ ಉಳಿಯಬೇಕು. ನನ್ನ ಕೈಲಿ ಆಗುವುದು ಒಂದೇ, ಹೇಳಿದ ಪದ್ಧತಿ ಹೇಳಿದ ಹಾಗೆ ನಡೆಯುತ್ತಿದೆಯೋ ಇಲ್ಲವೋ ಎಂದು ನೋಡುವುದು. ಅದಕ್ಕೆ ಮುಂಜಾನೆ ಬೇಗ ಬಂದು ಬಾಟಲಿ ತೊಳೆಯುವಲ್ಲಿ ನಿಂತೆ.

ಹುಲಿಗೆವ್ವ ಬಾಟಲಿಯನ್ನು ಮೋರಿಗೆ ಬಗ್ಗಿಸಿದಳು. ಕೊನೆಯಲ್ಲಿ ಕೈ ತಡೆದು, ತಳದಲ್ಲಿದ್ದಷ್ಟನ್ನು ಒಂದು ಸಣ್ಣ ಬಟ್ಟಲಿಗೆ ಬಸಿದುಕೊಂಡಳು. ಬಾಟಲಿಯನ್ನು ಚೆನ್ನಾಗಿ ತಿಕ್ಕಿದಳು, ಕುದಿಸಿದಳು, ಬೋರಲು ಹಾಕಿದಳು. ಒಣಗಿದ ಮೇಲೆ ಬಟ್ಟಲನ್ನು ಕಣ್ಣಿಗೆ ಒತ್ತಿಕೊಂಡು, ಅದರಲ್ಲಿದ್ದ ಆ ಒಂದೀಟನ್ನು ಮೊದಲು ಬಾಟಲಿಗೆ ಹಾಕಿ, ಅದರ ಮೇಲೆ ಹೊಸ ಲೋಷನ್ನು ಬೆರೆಸಿದಳು.

"ಹುಲಿಗೆವ್ವಾ, ಅದ್ಯಾಕ ವಾಪಸ್ ಹಾಕಿದಿ?"

"ಬರಿದ ಮಾಡಬಾರದಲ್ರಿ ಬಾಯಾರ. ಮನ್ಯಾಗೇ ಮಾಡಂಗಿಲ್ಲ. ಇದು ಜೀವ ಹೋಗೋ ಬರೋ ಖೋಲಿ. ಇಂಥಾ ಖೋಲ್ಯಾಗ ಭಾಂಡೆ ಬರಿದ ಮಾಡಿದ್ರ ಆ ಹುಡುಗಿ ಗತಿ ಏನ್ರಿ?"

ಅವಳು ಕೆಲಸಗಳ್ಳಿಯಲ್ಲ. ಡಾಕ್ಟರು ಹೇಳಿದ್ದನ್ನೆಲ್ಲ ಮಾಡಿದ್ದಳು, ಮೇಲೆ ಗಿರಿಜವ್ವನಿಗಾಗಿ ತನ್ನದೊಂದು ಕಾಳಜಿ ಸೇರಿಸಿದ್ದಳು. ನಾನು ಏನು ಹೇಳಲಿ? ಬರಿದು ಮಾಡಿದರೆ ಏನೂ ಆಗುವುದಿಲ್ಲ ಎನ್ನಲು ನನಗೇ ಬಾಯಿ ಬರಲಿಲ್ಲ. ನಾನೂ ಅದೇ ನೀರು ಕುಡಿದು ಬೆಳೆದವಳು. ಕ್ರಿಮಿ ಎಂದರೆ ಅವಳು ಹೂಂ ಎನ್ನುತ್ತಾಳೆ, ನಾಳೆ ನಾನು ಇಲ್ಲದಾಗ ಮತ್ತೆ ಒಂದೀಟು ಉಳಿಸುತ್ತಾಳೆ. ಆಜ್ಞೆಯಿಂದ ಆಗುವ ಕೆಲಸವಾಗಿರಲಿಲ್ಲ ಇದು.

ಆಗಲೇ ಹೊರಗೆ ಬೇವಿನ ಮರದ ಕೆಳಗಿಂದ ನೀಲವ್ವ ಹುಲಿಗೆವ್ವನನ್ನು ಕೂಗಿದಳು. ಹಿಂದಿನ ದಿನ ನಾಯಿ ಅವಳ ಮೊಸರಿನ ಗಡಿಗೆ ಉರುಳಿಸಿಬಿಟ್ಟಿತ್ತು. ಹೆಪ್ಪಿಗೂ ಉಳಿದಿರಲಿಲ್ಲ. ಹುಲಿಗೆವ್ವ ಮನೆಯಿಂದ ಒಂದು ಚಮಚ ಮೊಸರು ತಂದುಕೊಟ್ಟಿದ್ದಳು. ನಾವಿಬ್ಬರೂ ಹೋದೆವು.

"ನೋಡ್ಲೇ ಹುಲಿಗಿ, ನಿನ್ನ ಹೆಪ್ಪು!" ಎಂದು ನೀಲವ್ವ ಹೊಸ ಗಡಿಗೆಯ ಮುಚ್ಚಳ ತೆಗೆದಳು. ಮೊಸರು ಅಂಚಿನ ತನಕ ಗಟ್ಟಿಯಾಗಿ ಕುಳಿತಿತ್ತು. "ಮಗ್ಗಲಕ್ಕ ಹಾಕಿದ್ರೂ ಬೀಳಂಗಿಲ್ಲ."

ಹುಲಿಗೆವ್ವನ ಮುಖ ಅರಳಿತು. "ನಮ್ಮವ್ವನ ಮನೀದ್ರಿ ಅದು. ಒಂದ ಚಮಚಾ ಸಾಕು, ಒಂದ ರಾತ್ರ್ಯಾಗ ಗಡಗಿ ತುಂಬ ತನ್ನಂಗ ಮಾಡಕೋತೈತಿ."

ನಾನು ಸಾಮಾನ್ಯವಾಗಿ ಇನ್ನೊಬ್ಬರ ಮಾತಿನ ನಡುವೆ ಬಾಯಿ ಹಾಕುವವಳಲ್ಲ. ಅವತ್ತು ಹಾಕಿದೆ.

"ಹುಲಿಗೆವ್ವಾ, ನೀ ಬಾಟ್ಲಿಗೆ ವಾಪಸ್ ಹಾಕೂದೂ ಒಂದ ಚಮಚಾನ ಅಲ್ಲೇನು?"

ಅವಳು ನನ್ನನ್ನು ನೋಡಿದಳು, ಗಡಿಗೆ ನೋಡಿದಳು. ನಗುತ್ತಿದ್ದ ಬಾಯಿ ಹಾಗೇ ನಿಂತಿತು.

"ಯವ್ವಾ ನಮ್ಮವ್ವಾ," ಎಂದಳು. "ನಾ ಕೀವಿಗೆ ಹೆಪ್ಪ ಹಾಕಾಕತ್ತೇನೇನ್ರಿ?"

"ನೀ ಒಬ್ಬಾಕಿ ಅಲ್ಲ. ಖೋಲಿ ಶುರುವಾದಾಗಿಂದ ಎಲ್ಲಾರೂ ಕೂಡಿ ಹಾಕೇವಿ," ಎಂದೆ. "ದಿನಾ ಮ್ಯಾಲ ಸುರದು ಸುರದು. ಹಾಲು ಹೊಸಾದು, ಹೆಪ್ಪು ನಿನ್ನೆ ದಿನದ್ದು."

ಅವಳು ಸೆರಗಿನಿಂದ ಕಣ್ಣು ಒರೆಸಿಕೊಂಡು ಸರಸರ ಒಳಗೆ ಹೋದಳು, ಆಗಷ್ಟೇ ತುಂಬಿದ್ದ ಬಾಟಲಿ ಎತ್ತಿಕೊಂಡಳು. ಮೋರಿಯ ಮೇಲೆ ಬಗ್ಗಿಸಿ ಹಿಡಿದವಳು ಅರ್ಧಕ್ಕೆ ನಿಂತಳು. "ಆದ್ರ ಬಾಯಾರ... ಬರಿದ?" ಎಂದಳು. ತಿಳಿದದ್ದು ಬೇರೆ, ಕೈ ಒಪ್ಪುವುದು ಬೇರೆ.

ಅದಕ್ಕೆ ದಾರಿ ಹೇಳಿದವಳು ನೀಲವ್ವ. ಅವಳೂ ನಮ್ಮ ಹಿಂದೆಯೇ ಬಾಗಿಲಿಗೆ ಬಂದಿದ್ದಳು. "ಹುಚ್ಚಿ, ಒಂದ ಬರಿದ ಮಾಡೂ ಮೊದ್ಲ ಇನ್ನೊಂದ ತುಂಬಿಸಿಡು. ಖೋಲ್ಯಾಗ ತುಂಬಿದ್ದೊಂದ ಇದ್ದ ಮ್ಯಾಲ ಬರಿದ ಅಂತ ಯಾವಾಕಿ ಅಂದಾಳು?"

ಇನ್ನೊಂದು ಬಾಟಲಿ ಬೇಕಾಯಿತು. ಸ್ಟೋರಿನವರು, "ಒಂದು ಖೋಲಿಗೆ ಒಂದ ಬಾಟ್ಲಿ, ಮೊದಲಿಂದ ಹಂಗ ಐತಿ," ಎಂದರು. ನಾನು ಹೋಗಿ ಕೇಳಿದಾಗ ಹೇಳಿದ್ದು ಇದು. ಬರಿಗೈಯಲ್ಲಿ ಬಂದು ದೊಡ್ಡಬಾಯಿಯವರಿಗೆ ಎಲ್ಲ ಹೇಳಿದೆ, ಹೆಪ್ಪಿನ ಮಾತೂ ಹೇಳಿದೆ. ಬಾಟಲಿ ಎಂದೂ ಬರಿದಾಗಿಲ್ಲ ಎಂದು ಹೇಳಿಕೊಂಡು ಬಂದವರು ಅವರು. ನಾನು ಬೈಗಳಿಗೆ ಸಿದ್ಧಳಾಗಿ ತಲೆ ತಗ್ಗಿಸಿ ನಿಂತಿದ್ದೆ. ಅವರು ಸುಮ್ಮನೆ ಎದ್ದರು, ಟೋಪಿ ಸರಿ ಮಾಡಿಕೊಂಡರು, ಸ್ಟೋರಿನ ಕಡೆ ನಡೆದರು. ಆಮೇಲೆ ಅಲ್ಲಿಂದ ಕೇಳಿಬಂದ ಧ್ವನಿ ಬೇವಿನ ಮರ ದಾಟಿ ಬಸ್‌ಸ್ಟ್ಯಾಂಡಿಗೂ ಮುಟ್ಟಿರಬೇಕು. ಎರಡು ಬಾಟಲಿ ಹಿಡಿದು ಬಂದರು. "ಒಂದ ಒಡದ್ರ ಇರಲಿ," ಎಂದರು.

ಅಂದಿನಿಂದ ಒಂದು ಬಾಟಲಿ ತುಂಬಿ ನಿಂತರೆ ಇನ್ನೊಂದು ಕಿಟಕಿಯಲ್ಲಿ ಬೋರಲು. ಮೇಲೆ ಸುರಿಯುವುದು ಎಂಬುದೇ ನಿಂತಿತು. ಗಿರಿಜವ್ವನ ಗಾಯವನ್ನು ಕುದಿಸಿ ಆರಿಸಿದ ಉಪ್ಪುನೀರಿನಿಂದ ತೊಳೆಯಲು ಡಾಕ್ಟರು ಹೇಳಿದರು. ಅವಳ ಮೂತ್ರದ ನಳಿಗೆ ತೆಗೆಸಿದರು. ಅಲ್ಲಿಯ ತನಕ ನಳಿಗೆ ಒಮ್ಮೆ ಹಾಕಿದರೆ ಮನೆಗೆ ಹೋಗುವಾಗಲೇ ತೆಗೆಯುವ ರೂಢಿ. ನಮಗೂ ಅನುಕೂಲ, ಹಾಸಿಗೆ ಒದ್ದೆಯಾಗುವುದಿಲ್ಲ. "ಅನುಕೂಲ ನಮಗೆ, ಜ್ವರ ಅವರಿಗೆ," ಎಂದು ಡಾಕ್ಟರು ಬೆಳಗಿನ ಸುತ್ತಿನಲ್ಲಿ ಪ್ರತಿ ಕಾಟಿನ ಮುಂದೆಯೂ ಕೇಳತೊಡಗಿದರು: ಈ ನಳಿಗೆ ಇವತ್ತು ಬೇಕಾ? ಬೇಕೇಬೇಕು ಎಂದು ಯಾರೂ ಹೇಳದಿದ್ದರೆ ತೆಗೆಸುತ್ತಿದ್ದರು. ಬಾಗಿಲಿನ ಹಲಗೆಯನ್ನೂ ತೆಗೆಸಿದರು. ಒಬ್ಬೊಬ್ಬರೇ, ಕೈ ತೊಳೆದುಕೊಂಡು ಬರಬಹುದು ಎಂದಾಯಿತು. ನೀಲವ್ವನಿಗೆ ತಂಬಿಗೆಯಿಂದ ನೀರು ಹಾಕುವುದು ಹುಲಿಗೆವ್ವನ ಕೆಲಸ. "ಬೆರಳ ಸಂದ್ಯಾಗ ತಿಕ್ಕು, ನಿಮ್ಮ ಎರಿ ಮಣ್ಣು ಹಂಗ ಹೋಗಂಗಿಲ್ಲ," ಎಂದು ಅವಳನ್ನೇ ಗದರಿಸುತ್ತಿದ್ದಳು.

ಸೋಮವಾರ ಬಂತು. ನಾನು ಪಟ್ಟಿ ಬಿಚ್ಚಿದೆ. ಡಾಕ್ಟರು ಬಗ್ಗಿ ನೋಡಿದರು, ನೋಡುವುದಕ್ಕಿಂತ ಮೊದಲು ಮೂಸಿದರು. ನಾವೆಲ್ಲ ಮೂಸಿದೆವು. ವಾಸನೆ ಇನ್ನೂ ಇತ್ತು, ಆದರೆ ತೆಳುವಾಗಿತ್ತು. ಬಟ್ಟೆಯಲ್ಲಿ ಹಸಿರು ಒಂದು ಅಂಚಿಗೆ ಮಾತ್ರ. ಡಾಕ್ಟರು ನೆಟ್ಟಗೆ ನಿಂತು, "ಗುರುವಾರದ ತನಕ ನೋಡೋಣ," ಎಂದರು. ಗುರುವಾರ ಜ್ವರ ಇರಲಿಲ್ಲ. ಆಮೇಲೆ ಅವರು ಮತ್ತೆ ವಾರದ ಹೆಸರು ಹೇಳಲಿಲ್ಲ.

ಎರಡು ಬೆರಳು ಹೋದವು. ಪಾದ ಉಳಿಯಿತು.

ಖೋಲಿಯಲ್ಲಿ ಮತ್ತೆ ಯಾರಿಗೂ ಕೀವು ಬರಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಬಂತು. ವಯಸ್ಸಾದವರಿಗೆ, ಸಕ್ಕರೆ ಇದ್ದವರಿಗೆ, ಬಹಳ ದಿನ ಮಲಗಿದವರಿಗೆ, ಮೈತುಂಬ ನಳಿಗೆ ಇದ್ದವರಿಗೆ ಅದು ಬೇಗ ಹತ್ತುತ್ತದೆ. ಯಾವುದಕ್ಕೂ ಒಂದು ದೊಡ್ಡ ಇಂಜೆಕ್ಷನ್ನು ಹೊಡೆದುಬಿಡುವ ರೂಢಿ ಮುಂದೆ ಬಂದ ಮೇಲೆ ಇನ್ನೂ ಹಟಮಾರಿ ಕ್ರಿಮಿಗಳನ್ನು ಕಂಡೆ. ಆದರೆ ಒಬ್ಬರಿಂದ ಒಬ್ಬರಿಗೆ ಸಾಲಾಗಿ ಬರುವುದು ನಿಂತಿತು. ಕೀವು ಕಂಡರೆ ಮೊದಲು ಮಂದಿಯ ಕಡೆ ಕೈ ತೋರಿಸುವುದನ್ನು ಬಿಟ್ಟು ನಮ್ಮ ಕೈ, ನಮ್ಮ ಬಾಟಲಿ, ನಮ್ಮ ನಳಿಗೆ ನೋಡುವುದನ್ನು ಕಲಿತೆವು. ಸುಧಾ, ನಿಮ್ಮಲ್ಲಿ ಈಗ ಎಲ್ಲವೂ ಒಮ್ಮೆ ಬಳಸಿ ಎಸೆಯುವುದೇ ಇರಬಹುದು. ಆದರೂ ನಿನ್ನೆಯ ಒಂದೀಟು ಎಲ್ಲೋ ಉಳಿದೇ ಇರುತ್ತದೆ. ನಲ್ಲಿಯ ತುದಿಯಲ್ಲಿ, ಯಂತ್ರದ ಕೊಳವೆಯಲ್ಲಿ, ನಿನ್ನ ಉಂಗುರದ ಸಂದಿಯಲ್ಲಿ. ಅದನ್ನು ಹುಡುಕು. ನಿನ್ನ ಕೈ ಕೆಳಗೆ ಹುಲಿಗೆವ್ವನಂಥವಳು ಇದ್ದರೆ ಅವಳು ಯಾಕೆ ಹಾಗೆ ಮಾಡುತ್ತಾಳೆ ಎಂದು ಕೇಳು. ಕೇಳದೆ ಬೈಯಬೇಡ.

ಗಿರಿಜವ್ವ ಮನೆಗೆ ಹೊರಟ ದಿನ ಕೂಸನ್ನು ಎತ್ತಿಕೊಂಡು, ಸ್ವಲ್ಪ ಕುಂಟುತ್ತ ಬೇವಿನ ಮರದ ತನಕ ತಾನೇ ನಡೆದಳು. ಗಂಡ ಎತ್ತಿಕೊಳ್ಳಲು ಬಂದರೆ, "ಸರೀರಿ, ನನ್ನ ಕಾಲು ನನಗದಾವ," ಎಂದಳು. ನೀಲವ್ವ ಗಂಟುಮೂಟೆ ಕಟ್ಟಿ, ಕೊನೆಗೆ ಮೊಸರಿನ ಗಡಿಗೆ ತಂದು ನನ್ನ ಕೈಗಿಟ್ಟಳು. ತಳದಲ್ಲಿ ಸ್ವಲ್ಪ ಉಳಿದಿತ್ತು.

"ಬರಿದ ಗಡಗಿ ಕೊಡಬಾರದು ಅಂತ ಉಳಿಸೇನ್ರಿ ಬಾಯಾರ. ಇದು ತಿನ್ನೂ ಹೆಪ್ಪು, ಅಂಜಬ್ಯಾಡ್ರಿ," ಎಂದು ನಕ್ಕಳು.

ಅವತ್ತು ಸಂಜೆ ಮನೆಯಲ್ಲಿ ಹಾಲು ಕಾಸಿ ಅದರಿಂದಲೇ ಹೆಪ್ಪು ಹಾಕಿದೆ. ಮರುದಿನ ನಿಮ್ಮಪ್ಪ ಆ ಮೊಸರಿಗೆ ರೊಟ್ಟಿ ಮುರಿದುಕೊಂಡು ಉಂಡು ಸಾಲೆಗೆ ಹೋದ. ಆಮೇಲೆ ಎರಡು ಸಲ ನಮ್ಮ ಮನೆಯಲ್ಲಿ ಹೆಪ್ಪು ತಪ್ಪಿತು. ಎರಡೂ ಸಲ, ನಾನೇ ಹೆಪ್ಪು ಕೊಟ್ಟಿದ್ದ ಬಾಜು ಮನೆಯಿಂದ ಮರಳಿ ತಂದೆ. ರಜೆಗೆ ಬಂದಾಗ ನೀವು ಗಡಿಗೆ ಕೆರೆದು ತಿನ್ನುತ್ತಿದ್ದಿರಲ್ಲ, ಅಜ್ಜಿಯ ಮೊಸರಿನ ರುಚಿ ಬೇರೆಲ್ಲೂ ಇಲ್ಲ ಎನ್ನುತ್ತಿದ್ದಿರಲ್ಲ, ಅದು ನನ್ನದಲ್ಲ. ಹುಲಿಗೆವ್ವನ ತವರುಮನೆಯದು.